ಬೀದಿಯ ‘ಅಶೋಕ’ವೂ ಕೆಂಪು ಪಟ್ಟಿಯ ಅಶೋಕವೂ

ಪ್ರಶ್ನೆ: ನಮ್ಮ ಬಡಾವಣೆಯ ಕಾಂಪೌಂಡಿನ ಉದ್ದಕ್ಕೂ ಅಶೋಕ ಮರಗಳ ಸಾಲಿದೆ. ಕರೆಂಟಿನ ತಂತಿಗೆ ತಾಗುತ್ತವೆ ಎಂದು ಕೆಲವನ್ನು ಕಡಿಸುವ ಮಾತು ನಡೆದಿದೆ. ಅಶೋಕ ಅಳಿವಿನ ಭಯದಲ್ಲಿರುವ ಮರ, ಕೆಂಪು ಪಟ್ಟಿಯಲ್ಲಿದೆ ಎಂದು ಮಗಳು ಎಲ್ಲೋ ಓದಿ ಹೇಳುತ್ತಿದ್ದಾಳೆ. ಬೀದಿಗೆ ಹತ್ತು ಇರುವ ಮರ ಅಳಿಯುವುದು ಹೇಗೆ? ಇನ್ನೊಂದು ವಿಷಯ. ಅಶೋಕದ ತೊಗಟೆ ಮುಟ್ಟಿನ ತೊಂದರೆಗೆ ಒಳ್ಳೆಯದು ಅಂತಾರೆ. ಮನೆ ಮುಂದಿನ ಮರದ್ದೇ ತೊಗಟೆ ತೆಗೆದು ಕಷಾಯ ಮಾಡಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಆ ತೊಗಟೆಯ ಕಷಾಯ ಮಾಡಬೇಡಿ. ನಿಮ್ಮ ಕಾಂಪೌಂಡಿನಲ್ಲಿರುವುದು ಆಯುರ್ವೇದದ ಅಶೋಕ ಅಲ್ಲ. ನೆಟ್ಟಗೆ ಕಂಬದಂತೆ ಬೆಳೆದು, ಕೊಂಬೆಗಳನ್ನು ಕೆಳಗೆ ಇಳಿಬಿಟ್ಟುಕೊಂಡು ನಿಂತಿರುವ ಮರ ತಾನೇ? ಅದು ಕಂಬದ ಮರ. ನರ್ಸರಿಯವರೂ ಮನೆಯವರೂ ಅದನ್ನು ಅಶೋಕ ಅಂತಲೇ ಕರೆಯುತ್ತಾರೆ, ಅದು ರೂಢಿಯಾಗಿಬಿಟ್ಟಿದೆ. ಕೆಂಪು ಪಟ್ಟಿಯಲ್ಲಿರುವುದು ಬೇರೆ ಮರ. ಅದನ್ನು ಸೀತಾ ಅಶೋಕ ಎಂದೂ ಕರೆಯುತ್ತಾರೆ. ನಿಮ್ಮ ಮಗಳು ಓದಿದ್ದು ಸರಿ, ನೀವು ನೋಡುತ್ತಿರುವುದೂ ಸರಿ. ಮರ ಮಾತ್ರ ಎರಡು.

ಈ ಎರಡಕ್ಕೂ ನೆಂಟಸ್ತನವೇ ಇಲ್ಲ. ಸೀತಾ ಅಶೋಕದ ಶಾಸ್ತ್ರೀಯ ಹೆಸರು ಸರಾಕಾ ಅಸೋಕ. ಅವರೆ, ತೊಗರಿಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಅದರಲ್ಲೂ ಹುಣಸೆಗೆ ಹತ್ತಿರದ್ದು. ಕಂಬದ ಮರ ಸೀತಾಫಲದ ಕುಟುಂಬದ್ದು. ಬಹಳ ಕಾಲ ಅದನ್ನು ಪಾಲಿಯಾಲ್ಥಿಯಾ ಲಾಂಗಿಫೋಲಿಯಾ ಎನ್ನುತ್ತಿದ್ದರು. 2012ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ಮೋನೂನ್ ಎಂಬ ಕುಲಕ್ಕೆ ವರ್ಗ ಮಾಡಿದರು. ಹಾಗಾಗಿ ಪುಸ್ತಕಗಳಲ್ಲಿ ಎರಡೂ ಹೆಸರು ಸಿಗುತ್ತವೆ, ಗಾಬರಿಯಾಗಬೇಡಿ.

ಹಾಗಾದರೆ ಜನ ಎರಡನ್ನೂ ಒಂದೇ ಅಂದುಕೊಳ್ಳುವುದು ಯಾಕೆ? ನನ್ನ ಪ್ರಕಾರ ಚಿಗುರೇ ಕಾರಣ. ಎರಡರ ಎಳೆಯ ಎಲೆಯೂ ತಾಮ್ರದ ಬಣ್ಣದ್ದು, ಮೆತ್ತಗೆ, ಜೋತುಬಿದ್ದಿರುತ್ತದೆ. ಬಲಿತ ಎಲೆಯೂ ದೂರದಿಂದ ಒಂದೇ ಥರ: ಉದ್ದ, ಮೊನಚು, ಹೊಳಪಿನ ಹಸಿರು. ಕೈಯಲ್ಲಿ ಹಿಡಿದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಕಂಬದ ಮರದಲ್ಲಿ ಕೊಂಬೆಗೆ ಒಂದೊಂದೇ ಎಲೆ ಅಂಟಿಕೊಂಡಿರುತ್ತದೆ, ಅಂಚು ಅಲೆಅಲೆಯಾಗಿರುತ್ತದೆ. ಅಶೋಕದಲ್ಲಿ ಒಂದು ಕಡ್ಡಿಯ ಎರಡೂ ಕಡೆ ನಾಲ್ಕೈದು ಜೊತೆ ಎಲೆಗಳು ಎದುರುಬದುರಾಗಿ ಇರುತ್ತವೆ. ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಅಂಚು ಸಾಪಾಗಿರುತ್ತದೆ. ಆ ಇಡೀ ಕಡ್ಡಿ ಸೇರಿ ಒಂದು ಎಲೆ, ಹುಣಸೆ ಎಲೆಯ ಲೆಕ್ಕದಲ್ಲೇ. ಆದರೆ ಅಳತೆಯಲ್ಲಿ ಬಹಳ ದೊಡ್ಡದು.

ಹೂ ಬಂದಾಗಲಂತೂ ಕೇಳುವುದೇ ಬೇಡ. ಬೇಸಿಗೆ ಶುರುವಾಗುವ ಹೊತ್ತಿಗೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಅಶೋಕದ ಕೊಂಬೆಗಳಲ್ಲಿ, ಎಷ್ಟೋ ಸಲ ಬರಿಯ ಕಾಂಡದ ಮೇಲೂ, ಮುಷ್ಟಿಗಾತ್ರದ ಹೂಗೊಂಚಲು ಮೂಡುತ್ತದೆ. ಬಿರಿದಾಗ ಹಳದಿ-ಕಿತ್ತಳೆ. ದಿನ ಕಳೆದಂತೆ ಕೆಂಪು. ಹೀಗಾಗಿ ಒಂದೇ ಗೊಂಚಲಿನಲ್ಲಿ ಮೂರು ಬಣ್ಣ ಒಟ್ಟಿಗೆ ಕಾಣುತ್ತವೆ. ವಿಚಿತ್ರ ಅಂದರೆ ಈ ಹೂವಿಗೆ ಪಕಳೆಯೇ ಇಲ್ಲ. ನಮಗೆ ಪಕಳೆಯಂತೆ ಕಾಣುವುದು ಬಣ್ಣ ತಳೆದ ಪುಷ್ಪಪಾತ್ರೆಯ ನಾಲ್ಕು ಹಾಳೆಗಳು. ಅದರಿಂದ ಏಳೆಂಟು ಉದ್ದನೆಯ ಕೇಸರಗಳು ಹೊರಗೆ ಚಾಚಿರುತ್ತವೆ. ನವಿರಾದ ಪರಿಮಳವೂ ಇದೆ. ಕಾಮನ ಐದು ಬಾಣಗಳಲ್ಲಿ ಒಂದು ಇದೇ ಹೂ. ಚೆಲುವೆಯ ಕಾಲು ಸೋಕಿದರೆ ಅಶೋಕ ಅರಳುತ್ತದೆ ಎಂಬ ಕವಿಗಳ ನಂಬಿಕೆಯೂ ಇದೇ ಮರದ್ದು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಅದಕ್ಕೆಂದೇ ಒಂದು ಪ್ರಸಂಗವಿದೆ.

ಕಂಬದ ಮರದ ಹೂವನ್ನು ಹೆಚ್ಚಿನವರು ನೋಡಿಯೇ ಇರುವುದಿಲ್ಲ. ತಿಳಿ ಹಸಿರು ಬಣ್ಣದ, ಆರು ಸಪೂರ ಪಕಳೆಯ ನಕ್ಷತ್ರ. ಎಲೆಗಳ ನಡುವೆ ಕಾಣಿಸುವುದೇ ಇಲ್ಲ. ಎರಡು-ಮೂರು ವಾರದಲ್ಲಿ ಮುಗಿದುಹೋಗುತ್ತದೆ. ನಿಮ್ಮ ಸಾಲಿನಲ್ಲೂ ಪ್ರತಿ ಬೇಸಿಗೆ ಅರಳುತ್ತಿರಬಹುದು, ಈ ಸಲ ಮಾರ್ಚ್ ತಿಂಗಳಲ್ಲಿ ತಲೆ ಎತ್ತಿ ನೋಡಿ.

ಈಗ ಕೆಂಪು ಪಟ್ಟಿಗೆ ಬರೋಣ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಐಯುಸಿಎನ್, 1964ರಿಂದ ನಡೆಸಿಕೊಂಡು ಬಂದಿರುವ ಪಟ್ಟಿ ಅದು. ಅಳಿವಿನ ಭಯವನ್ನು ಅದು ಮೂರು ಮೆಟ್ಟಿಲಲ್ಲಿ ಹೇಳುತ್ತದೆ. ಕೆಳಗಿನದು ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲದ್ದು. ಅದರ ಮೇಲೆ ‘ಎಂಡೇಂಜರ್ಡ್’. ಕಡೆಯದು ‘ಕ್ರಿಟಿಕಲಿ ಎಂಡೇಂಜರ್ಡ್’. ಸೀತಾ ಅಶೋಕವನ್ನು 1998ರಲ್ಲಿ ಮೊದಲ ಮೆಟ್ಟಿಲಿಗೆ, ಅಂದರೆ ವಲ್ನರಬಲ್ ಗುಂಪಿಗೆ ಸೇರಿಸಿದರು. ಪತ್ರಿಕೆಗಳಲ್ಲಿ ‘ಅಳಿವಿನ ಅಂಚಿನಲ್ಲಿ’ ಎಂದು ಬರೆದುಬಿಡುತ್ತಾರೆ, ಅದು ಸ್ವಲ್ಪ ಜಾಸ್ತಿಯಾಯಿತು. ಅಂಚಿಗೆ ಇನ್ನೂ ಬಂದಿಲ್ಲ, ಆ ದಾರಿಯಲ್ಲಿದೆ. ಕಂಬದ ಮರ ಈ ಮೂರೂ ಮೆಟ್ಟಿಲಿನಲ್ಲಿ ಎಲ್ಲೂ ಇಲ್ಲ.

“ಆದರೆ ಸೀತಾ ಅಶೋಕವೂ ದೇವಸ್ಥಾನ, ಪಾರ್ಕುಗಳಲ್ಲಿ ಬೇಕಾದಷ್ಟಿದೆಯಲ್ಲ” ಎಂದು ಕೇಳುವವರಿದ್ದಾರೆ. ಇದೆ, ನಿಜ. ಆದರೆ ನೆಟ್ಟು ಬೆಳೆಸಿದ ಮರ ಈ ಲೆಕ್ಕಕ್ಕೆ ಬರುವುದಿಲ್ಲ. ಕಾಡಿನಲ್ಲಿ ತಾನಾಗಿ ಹುಟ್ಟಿ, ಬೀಜ ಉದುರಿಸಿ, ಮರಿ ಎಬ್ಬಿಸುತ್ತಿರುವ ಮರಗಳ ಸ್ಥಿತಿ ಏನು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಇದು ಸುಮ್ನೆ ಕಟ್ಟುನಿಟ್ಟಿಗೆ ಮಾಡಿದ ನಿಯಮವಲ್ಲ. ಊರಿನ ನೂರು ಅಶೋಕ ಒಂದೇ ನರ್ಸರಿಯ ಒಂದೆರಡು ತಾಯಿಮರದ ಮಕ್ಕಳಾಗಿರಬಹುದು. ಅವುಗಳ ಬೀಜ ಸಿಮೆಂಟಿನ ಮೇಲೆ ಬಿದ್ದು ಗುಡಿಸಿಹೋಗುತ್ತದೆ. ಕಾಡಿನ ನೂರು ಮರದಲ್ಲಿರುವ ವೈವಿಧ್ಯ ಅಲ್ಲಿರುವುದಿಲ್ಲ. ಮುಂದಿನ ಪೀಳಿಗೆಯೂ ಇರುವುದಿಲ್ಲ.

ಅಶೋಕದ ಕಾಡು ಯಾವುದು? ನಮ್ಮಲ್ಲಿ ಪಶ್ಚಿಮ ಘಟ್ಟ: ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡ, ಕೊಡಗಿನ ನಿತ್ಯಹಸಿರು ಕಾಡು. ಅದರಾಚೆ ಕೇರಳ, ಒಡಿಶಾ, ಮೇಘಾಲಯದ ಗುಡ್ಡಗಳು, ಶ್ರೀಲಂಕಾ, ಮ್ಯಾನ್ಮಾರ್. ನಕ್ಷೆಯಲ್ಲಿ ದೊಡ್ಡ ಹರವು ಎನ್ನಿಸುತ್ತದೆ. ಆದರೆ ಈ ಮರ ಆ ಹರವಿನ ಎಲ್ಲ ಕಡೆ ಇಲ್ಲ. ಅದಕ್ಕೆ ದೊಡ್ಡ ಮರಗಳ ನೆರಳು ಬೇಕು, ವರ್ಷವಿಡೀ ತೇವ ಇರುವ ಮಣ್ಣು ಬೇಕು. ಅಂದರೆ ಹಳ್ಳದ ದಂಡೆ, ಕಣಿವೆಯ ತಳ. ಅಲ್ಲಿ ಹತ್ತು ಮರ, ಮತ್ತೆಲ್ಲೋ ದೂರದ ಇನ್ನೊಂದು ಹಳ್ಳದಲ್ಲಿ ಐದು ಮರ, ಹೀಗೆ ತುಂಡುತುಂಡು.

ಮಲೆನಾಡು ಗೊತ್ತಿರುವವರಿಗೆ ತಕ್ಷಣ ಹೊಳೆಯುತ್ತದೆ. ಕಣಿವೆಯ ತಳ, ನೀರಿನ ಆಸರೆ, ತಂಪು ಮಣ್ಣು — ಇದು ಅಡಿಕೆ ತೋಟಕ್ಕೂ ಬೇಕಾದ ಜಾಗವೇ ಅಲ್ವಾ? ಅಶೋಕ ಬಯಸುವುದನ್ನೇ ನಾವೂ ಬಯಸಿದೆವು. ತೋಟ ಮಾಡಿದವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಗುಡ್ಡದ ನೆತ್ತಿಯ ಕಾಡು ಉಳಿದರೂ ಈ ಮರಕ್ಕೆ ಅದರಿಂದ ಪ್ರಯೋಜನ ಇಲ್ಲ ಎಂಬುದು ಗಮನಕ್ಕೆ ಬರಬೇಕು. ಒಟ್ಟು ಅರಣ್ಯ ಎಷ್ಟು ಎಕರೆ ಉಳಿಯಿತು ಎಂಬ ಅಂಕಿಅಂಶ ಅಶೋಕದ ಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಹಳ್ಳದ ಎರಡು ದಂಡೆ ಉಳಿಯಿತಾ ಎಂದು ಕೇಳಬೇಕು.

1998ರ ಮೌಲ್ಯಮಾಪನದಲ್ಲಿ ಕೊಟ್ಟ ಕಾರಣವೂ ಇದೇ: ನೆಲೆ ಚೂರುಚೂರಾಗಿದೆ, ಕುಗ್ಗುತ್ತಲೇ ಇದೆ. ಅಂದಿನ ಅಳತೆಗೋಲಿನಲ್ಲಿ ಹರವು 20,000 ಚದರ ಕಿಲೋಮೀಟರಿಗಿಂತ ಕಡಿಮೆ, ಅಥವಾ ನಿಜವಾಗಿ ಮರ ನಿಂತಿರುವ ಜಾಗ 2,000 ಚದರ ಕಿಲೋಮೀಟರಿಗಿಂತ ಕಡಿಮೆ ಇದ್ದು, ಜೊತೆಗೆ ನೆಲೆ ಹೀಗೆ ಒಡೆದು ಕುಗ್ಗುತ್ತಿದ್ದರೆ ಈ ಗುಂಪಿಗೆ ಸೇರಿಸಬಹುದಿತ್ತು. ಗಮನಿಸಿ, ಇಲ್ಲಿ ಅಳೆದದ್ದು ಜಾಗವನ್ನು. ತೊಗಟೆಗಾಗಿ ಎಷ್ಟು ಮರ ಬಿತ್ತು ಎಂಬುದು ಈ ಲೆಕ್ಕದಲ್ಲಿ ಬಂದಿಲ್ಲ. ಹತ್ತು ವರ್ಷ ದಾಟಿದ ಮೌಲ್ಯಮಾಪನವನ್ನು ಹಳೆಯದು ಎಂದು ಐಯುಸಿಎನ್ ತಾನೇ ಗುರುತು ಹಾಕುತ್ತದೆ. 1998ರಿಂದ ಈಚೆಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ವರ್ಷ ಕಳೆದಿದೆ. ಹಾಗಾಗಿ ‘ವಲ್ನರಬಲ್’ ಎಂಬ ಪದವನ್ನು ಇಂದಿನ ಆರೋಗ್ಯದ ವರದಿ ಎಂದು ಓದಬಾರದು ಎಂಬುದು ನನ್ನ ಅಭಿಪ್ರಾಯ.

ತೊಗಟೆಯ ವಿಷಯವೇ ನನಗೆ ಜಾಸ್ತಿ ಚಿಂತೆ ತರುವುದು. ಹೆಂಗಸರ ಗರ್ಭಕೋಶದ ತೊಂದರೆಗಳಿಗೆ ಆಯುರ್ವೇದದಲ್ಲಿ ಅಶೋಕದ ತೊಗಟೆ ಮುಖ್ಯ ಮದ್ದು. ಅಶೋಕಾರಿಷ್ಟದ ಬಾಟಲಿ ಯಾವ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ದೇಶದ ಗಿಡಮೂಲಿಕೆ ವ್ಯಾಪಾರದ ಬಗ್ಗೆ 2008ರಲ್ಲಿ ಬಂದ ದೊಡ್ಡ ಅಧ್ಯಯನವೊಂದು, ವರ್ಷಕ್ಕೆ 100 ಟನ್ನಿಗಿಂತ ಹೆಚ್ಚು ಬಳಕೆಯಾಗುವ 178 ಗಿಡಮರಗಳನ್ನು ಪಟ್ಟಿ ಮಾಡಿತು. ಅಶೋಕ ಅದರಲ್ಲಿದೆ. ಈ ತೊಗಟೆ ಎಲ್ಲಿಂದ ಬರುತ್ತದೆ? ತೋಟದಲ್ಲಿ ಬೆಳೆದದ್ದು ಬಹಳ ಕಡಿಮೆ. ನಿಧಾನಕ್ಕೆ ಬೆಳೆಯುವ ಮರ, ತೊಗಟೆ ಕೊಡುವಷ್ಟು ದಪ್ಪವಾಗಲು ಹಲವು ವರ್ಷ ಬೇಕು. ರೈತರು ಕಾಯುವುದಿಲ್ಲ. ಕಾಯಿರಿ ಅನ್ನುವುದಕ್ಕೂ ಮುಖ ಇಲ್ಲ, ಏಕೆಂದರೆ ತೊಗಟೆಗೆ ಸಿಗುವ ಬೆಲೆ ಅಷ್ಟರಲ್ಲೇ ಇದೆ. ಉಳಿದದ್ದು ಕಾಡಿನಿಂದ.

ತೊಗಟೆ ತೆಗೆಯುವುದಕ್ಕೆ ಮರ ಸಾಯಬೇಕಿಲ್ಲ. ಬಲಿತ ಕೊಂಬೆಯಿಂದ, ಅಥವಾ ಕಾಂಡದ ಒಂದು ಬದಿಯಿಂದ ಉದ್ದುದ್ದಕ್ಕೆ ಪಟ್ಟಿಯಂತೆ ತೆಗೆದರೆ ಗಾಯ ಮಾಯುತ್ತದೆ. ಆದರೆ ಸುತ್ತಲೂ ಬಳೆಯಂತೆ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಕಡಿದುಹೋಗುತ್ತದೆ. ಮರ ನಿಂತಲ್ಲೇ ಒಣಗುತ್ತದೆ. ಇನ್ನು ಮರವನ್ನೇ ಉರುಳಿಸಿ ಸುಲಿಯುವವರೂ ಇದ್ದಾರೆ. ಕೂಲಿ ಲೆಕ್ಕದಲ್ಲಿ ಅದೇ ಸಲೀಸು.

ಸಾಮಾನ್ಯವಾಗಿ ಯಾವುದಾದರೂ ಮೂಲಿಕೆ ಕಾಡಿನಲ್ಲಿ ಮುಗಿಯುತ್ತಾ ಬಂದರೆ ಪೇಟೆಯಲ್ಲಿ ಅದರ ಸುದ್ದಿ ಗೊತ್ತಾಗಬೇಕು. ಸರಕು ಸಿಗುವುದಿಲ್ಲ, ಬೆಲೆ ಏರುತ್ತದೆ, ಕಂಪನಿಗಳು ಕೃಷಿ ಮಾಡಿಸಲು ಓಡುತ್ತವೆ. ಅಶೋಕದ ವಿಷಯದಲ್ಲಿ ಹಾಗಾಗಲಿಲ್ಲ, ಏಕೆಂದರೆ ಆ ಜಾಗವನ್ನು ಬೇರೆ ತೊಗಟೆ ತುಂಬಿಬಿಟ್ಟಿತು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನು ಬಯಲು ಮಾಡಿತು. ಹೆಚ್ಚಾಗಿ ದಕ್ಷಿಣ ಭಾರತದ 25 ಅಂಗಡಿಗಳಿಂದ ಅಶೋಕದ ತೊಗಟೆ ಎಂದು ಮಾರುತ್ತಿದ್ದುದನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿದರು. ಶೇಕಡಾ 80ಕ್ಕಿಂತ ಹೆಚ್ಚು ಮಾದರಿಗಳು ಅಶೋಕವೇ ಅಲ್ಲ! ಕಡಿಮೆಯೆಂದರೂ ಏಳು ಬೇರೆ ಬೇರೆ ಸಸ್ಯ ಕುಟುಂಬಗಳ ತೊಗಟೆ ಅಲ್ಲಿತ್ತು. ಅಶೋಕಕ್ಕೆ ಬದಲಾಗಿ ಪೇಟೆಗೆ ಬರುವ ತೊಗಟೆಗಳಲ್ಲಿ ನಿಮ್ಮ ಕಾಂಪೌಂಡಿನ ಕಂಬದ ಮರದ್ದು ಬಹಳ ಕಾಲದಿಂದ ಹೆಸರಾದದ್ದು. ಯಾರೂ ಕಾಡಿಗೆ ಹೋಗಬೇಕಿಲ್ಲ, ಊರಿನಲ್ಲೇ ಧಾರಾಳವಾಗಿ ಸಿಗುತ್ತದೆ, ಹೆಸರೂ ‘ಅಶೋಕ’ವೇ.

ಹಾಲಿಗೆ ನೀರು ಬೆರೆಯುತ್ತಾ ಹೋದರೆ ಹಸು ಬತ್ತಿದ್ದು ಕೊಳ್ಳುವವರಿಗೆ ತಿಳಿಯುವುದಿಲ್ಲ, ಇದೂ ಹಾಗೆಯೇ. ಕಂಬದ ಮರದ ತೊಗಟೆ ಬಳಸಿದರೆ ಅಶೋಕ ಉಳಿಯಿತಲ್ಲ, ಒಳ್ಳೆಯದೇ ಆಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಾಡಿನ ಮರಕ್ಕೆ ಕೊಡಲಿ ಬೀಳುವುದು ನಿಂತಿಲ್ಲ. ನಿಂತದ್ದು ಕೊರತೆಯ ಕೂಗು. ಕೂಗಿಲ್ಲದಿದ್ದರೆ ಕೃಷಿಗೆ ಬೆಲೆ ಬರುವುದಿಲ್ಲ, ಬೆಲೆ ಇಲ್ಲದೆ ಯಾರೂ ನೆಡುವುದಿಲ್ಲ. ಇತ್ತ ಔಷಧಿ ಕುಡಿಯುವವರಿಗೂ ಮೋಸ.

ನಿಮ್ಮ ಕಷಾಯದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಎರಡು ತೊಗಟೆಯ ರಸಾಯನ ಬೇರೆ ಬೇರೆ. ಅಶೋಕದಲ್ಲಿ ಟ್ಯಾನಿನ್, ಅಂದರೆ ಒಗರಿನ ಅಂಶ ಹೆಚ್ಚು. ಕಂಬದ ಮರದಲ್ಲಿ ಇರುವ ಆಲ್ಕಲಾಯ್ಡ್, ಡೈಟರ್ಪೀನ್ ಎಂಬ ರಾಸಾಯನಿಕಗಳು ಬೇರೆಯೇ ಜಾತಿಯವು. ಒಂದಕ್ಕೆ ಬರೆದ ಗುಣ ಇನ್ನೊಂದಕ್ಕೆ ಬರುವುದಿಲ್ಲ. ಗಿಡಮೂಲಿಕೆ ಮಾರುವ ಅಂಗಡಿಯಲ್ಲಿ ಕೊಳ್ಳುವುದಾದರೆ ಪುಡಿ ಬೇಡ, ತುಂಡು ಕೇಳಿ. ಒಳ್ಳೆಯ ಅಶೋಕದ ತುಂಡು ಹೊರಗೆ ಬೂದಿ ಮಿಶ್ರಿತ ಹಸಿರು, ಮೇಲೆ ಸಣ್ಣ ದುಂಡನೆಯ ಗಂಟುಗಳು, ಒಳಮೈ ಕೆಂಪು-ಕಂದು. ಕಂಬದ ಮರದ ತೊಗಟೆ ಎಳೆದರೆ ನಾರುನಾರಾಗಿ ಬರುತ್ತದೆ. ಇಷ್ಟರಿಂದ ಅನುಮಾನ ಬರಬಹುದೇ ಹೊರತು ಖಾತ್ರಿ ಆಗುವುದಿಲ್ಲ. ಪುಡಿಯಾದ ಮೇಲಂತೂ ಕಣ್ಣಿಗೆ ಏನೂ ಗೊತ್ತಾಗದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಕಾರಣ ತಿಳಿಯದೆ ಕಷಾಯ ಕುಡಿಯುತ್ತಾ ಕೂರುವುದು ಯಾವ ಮರದ್ದಾದರೂ ಸರಿಯಲ್ಲ.

ಇಷ್ಟೆಲ್ಲ ಓದಿ ಕಂಬದ ಮರದ ಮೇಲೆ ಸಿಟ್ಟಾಗಬೇಡಿ. ಅದೇನು ತಪ್ಪು ಮಾಡಿಲ್ಲ. ಅದೂ ಪರದೇಶದ್ದಲ್ಲ, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸ್ವಂತ ಮರ. ಕಾಡಿನಲ್ಲಿ ಬೆಳೆದದ್ದನ್ನು ನೋಡಿದರೆ ನಿಮಗೆ ಗುರುತೇ ಸಿಗುವುದಿಲ್ಲ, ಕೊಂಬೆ ಚಾಚಿಕೊಂಡು ಅಗಲವಾಗಿ ನಿಂತಿರುತ್ತದೆ. ಬೀದಿಗಳಲ್ಲಿ ಇರುವ ಸಪೂರ ಕಂಬದ ರೂಪ ನರ್ಸರಿಗಳು ಆರಿಸಿ ಬೆಳೆಸಿದ ತಳಿ. ಕಡಿಮೆ ಜಾಗ ಸಾಕು, ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರು, ಮದುವೆ ಚಪ್ಪರಕ್ಕೆ ಎಲೆ. ಇನ್ನೇನು ಬೇಕು? ಗದ್ದಲವನ್ನು ತಡೆಯುತ್ತದೆ ಅಂತಲೂ ನೆಡುತ್ತಾರೆ. ಒಂದು ಸಾಲು ಸಪೂರ ಮರ ಎಷ್ಟು ತಡೆದೀತು, ನನಗೆ ಹೆಚ್ಚು ನಂಬಿಕೆ ಇಲ್ಲ. ಆದರೆ ಅದರ ಕಪ್ಪು-ನೇರಳೆ ಹಣ್ಣಿಗೆ ಬಾವಲಿ, ಕೋಗಿಲೆ ಬರುತ್ತವೆ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆ ಇರುವ, ಒಂದು ಕ್ಷಣ ಸುಮ್ಮನೆ ಕೂರದ ಟೇಲ್ಡ್ ಜೇ ಚಿಟ್ಟೆ ಇದರ ಎಳೆಯ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಬೆಂಗಳೂರಿನಂಥ ಊರಿನಲ್ಲೂ ಆ ಚಿಟ್ಟೆ ಸುಲಭವಾಗಿ ಕಾಣುವುದಕ್ಕೆ ಈ ಮರಗಳ ಪಾಲೂ ಇದೆ.

ಹಾಗಾದರೆ ಕಡಿಸಬಹುದಾ? ಕೆಂಪು ಪಟ್ಟಿ ಅಡ್ಡ ಬರುವುದಿಲ್ಲ. ಅದು ಕಾನೂನೂ ಅಲ್ಲ, ಎಚ್ಚರಿಕೆಯ ಪಟ್ಟಿ ಅಷ್ಟೇ. ನಿಮಗೆ ಅನ್ವಯಿಸುವುದು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ. ಮರ ಸಾಮಾನ್ಯವೋ ಅಪರೂಪವೋ, ಪಟ್ಟಣದಲ್ಲಿ ಕಡಿಯುವ ಮೊದಲು ವೃಕ್ಷಾಧಿಕಾರಿಯನ್ನು ಕೇಳಿ. ಅದಕ್ಕಿಂತ ಮೊದಲು ಇನ್ನೊಂದು ಯೋಚನೆ. ತಂತಿಯಷ್ಟೇ ತೊಂದರೆಯಾದರೆ ತುದಿ ಸವರಿದರೆ ಸಾಕು. ಕಂಬದ ಮರ ಸವರಿದ್ದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ವಿದ್ಯುತ್ ಕಂಪನಿಯವರೇ ಬಂದು ಮಾಡಲಿ, ಲೈನ್ ಇರುವ ಕಡೆ ನೀವು ಏಣಿ ಹಾಕಬೇಡಿ.

ನಿಮ್ಮ ಮಗಳಿಗೆ ಆಸಕ್ತಿ ಇರುವಂತಿದೆ. ಕಾಂಪೌಂಡಿನೊಳಗೆ ಒಂದು ನಿಜವಾದ ಅಶೋಕ ನೆಡಿಸಿ. ದಾವಣಗೆರೆಯ ಬಿಸಿಲು ಅದರ ಊರಿನದ್ದಲ್ಲ, ಆದರೂ ಆಗುತ್ತದೆ. ಮನೆಯ ಪೂರ್ವಕ್ಕೆ, ಮಧ್ಯಾಹ್ನದ ಬಿಸಿಲು ತಪ್ಪುವ ಕಡೆ ಜಾಗ ಹುಡುಕಿ. ಬಚ್ಚಲ ನೀರಿನಲ್ಲಿ ಸೋಪು ಜಾಸ್ತಿ ಇರುತ್ತದೆ, ಅದು ಬೇಡ. ತರಕಾರಿ, ಅಕ್ಕಿ ತೊಳೆದ ನೀರು ಹರಿಸಬಹುದು. ಬುಡಕ್ಕೆ ತರಗೆಲೆ ಹೊದಿಸಿ. ಮೊದಲ ಎರಡು-ಮೂರು ಬೇಸಿಗೆ ನೆರಳು ಕಟ್ಟಲೇಬೇಕು, ಎಳೆಯ ಗಿಡ ನೇರ ಬಿಸಿಲಿಗೆ ಎಲೆಯ ಅಂಚು ಸುಟ್ಟುಕೊಳ್ಳುತ್ತದೆ. ಹೂವಿಗೆ ಕೆಲವು ವರ್ಷ ಕಾಯಬೇಕು.

ಸಸಿ ಕೊಳ್ಳುವಾಗ ಹೆಸರು ಕೇಳಿದರೆ ಸಾಲದು, ಎಲೆ ನೋಡಿ. ಒಂದು ಕಡ್ಡಿಗೆ ಜೊತೆ ಜೊತೆ ಎಲೆ ಇರಲಿ. ಆಮೇಲೂ ಒಂದು ತೊಡಕಿದೆ. ಸರಾಕಾ ಕುಲದ ಬೇರೆ ಮರಗಳೂ ನರ್ಸರಿಗಳಲ್ಲಿ ಸಿಗುತ್ತವೆ. ಆಗ್ನೇಯ ಏಷ್ಯಾದ, ದೊಡ್ಡ ಹಳದಿ ಗೊಂಚಲಿನ ಅಶೋಕ ಅಂಥದ್ದೊಂದು. ನೋಡಲು ಚೆಂದ, ಆದರೆ ನಮ್ಮ ಘಟ್ಟದ್ದಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿದರೆ ಸರಿಯಾದದ್ದು ಸಿಗುವ ಸಂಭವ ಹೆಚ್ಚು.

ಬೀಜದಿಂದಲೇ ಮಾಡುವ ಹುಮ್ಮಸ್ಸಿದ್ದರೆ ಇನ್ನೂ ಒಳ್ಳೆಯದು. ಬೇಸಿಗೆ ಮುಗಿಯುತ್ತಾ ಬಂದಂತೆ ಅಶೋಕದ ಚಪ್ಪಟೆ ಕಾಯಿ ನೇರಳೆ ಬಣ್ಣದಿಂದ ಕಪ್ಪಾಗಿ, ಒಣಗಿ ಬಿರಿಯುತ್ತದೆ. ಒಳಗೆ ನಾಲ್ಕರಿಂದ ಎಂಟು ಬೀಜ. ಅವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ನೋಡೋಣ ಅಂದರೆ ಆಗದು, ಒಣಗಿದ ಬೀಜ ಬೇಗ ಸತ್ತುಹೋಗುತ್ತದೆ. ತಂದ ವಾರದೊಳಗೆ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಿನ ಕವರಿನಲ್ಲಿ ಹಾಕಿ ನೆರಳಿನಲ್ಲಿಡಿ. ಒಂದೇ ಮರದ ಬೀಜ ತರುವ ಬದಲು ಎರಡು-ಮೂರು ಬೇರೆ ಬೇರೆ ಮರದ ಕೆಳಗೆ ಆರಿಸಿ. ಊರಿನ ಮರದ ಕೆಳಗೆ ಮಾತ್ರ ಆರಿಸಿ. ಕಾಡಿನಲ್ಲಿ ಬಿದ್ದದ್ದು ಅಲ್ಲೇ ಹುಟ್ಟಲಿ.